ಜಾತ್ರೆಗಳ ಮೇಲೆ ಡ್ರೋನ್ ಹಾರಾಟ: ತಾತ್ಕಾಲಿಕ ನಿರ್ಬಂಧ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಕ್ಷೇತ್ರವನ್ನು ಅರಿಯದವರು ಚಿತ್ರದುರ್ಗ ಜಿಲ್ಲೆಯಲ್ಲಿ ವಿರಳ. ಅಲ್ಲಿನ ಕೊಳದಲ್ಲಿ ಗಂಗೆ ನೆಲೆಸಿದ್ದಾಳೆಂಬುದು ಭಕ್ತರ ನಂಬಿಕೆ. ಹರಕೆ ಹೊತ್ತು ಬಂದವರು ಕೊಳದ ಮುಂದೆ ಕುಳಿತು, ತಮ್ಮ ಮನೆಯ ಕಷ್ಟಸುಖವನ್ನು ಮನಸ್ಸಿನಲ್ಲಿ ನಿವೇದಿಸಿಕೊಂಡು, ನೀರಿನಿಂದ ಮೇಲೆದ್ದು ಬರುವ ಹೂವು, ಹಣ್ಣು, ಎಲೆ ಅಡಿಕೆಗಳನ್ನು ಗಂಗೆಯ ಪ್ರಸಾದವೆಂದು ಸೆರಗೊಡ್ಡಿ ಸ್ವೀಕರಿಸುತ್ತಾರೆ. ಪ್ರಸಾದ ಬೇಗನೆ ದೊರೆತವರು ಉಂಟು, ಬಹಳ ಹೊತ್ತು ಕಾದವರೂ ಉಂಟು. ಕಾಯುವವರ ಕಣ್ಣಲ್ಲಿ ನೀರು ಬರುವುದೂ ಅಲ್ಲಿ ಅಪರೂಪವಲ್ಲ.

ಇಂತಹ ಹೊತ್ತಿನಲ್ಲಿ ತಲೆಯ ಮೇಲೆ ಐವತ್ತು ಅಡಿ ಎತ್ತರದಲ್ಲಿ ಡ್ರೋನ್ ಒಂದು ಗುಂಯ್‌ಗುಟ್ಟುತ್ತ ನಿಂತರೆ ಏನಾಗುತ್ತದೆಂಬುದನ್ನು ಸದಸ್ಯರು ಊಹಿಸಬಹುದು. ಪ್ರಾರ್ಥನೆ ಕೆಡುತ್ತದೆ. ಮಕ್ಕಳು ಮೇಲೆ ನೋಡುತ್ತ ಓಡುತ್ತಾರೆ. ಒದ್ದೆ ಬಟ್ಟೆಯಲ್ಲಿರುವ ಹೆಣ್ಣುಮಕ್ಕಳು ಮರೆ ಹುಡುಕುತ್ತಾರೆ. ಕೊಳದ ಅಂಚಿನಲ್ಲಿ ನಿಂತವರಲ್ಲಿ ಒಬ್ಬರ ಹೆಜ್ಜೆ ತಪ್ಪಿದರೂ ಅನಾಹುತ ಸಂಭವಿಸಬಹುದು. ಈ ಉಪನ್ಯಾಸದ ವಿಷಯ ಇದೇ: ಜನ ದೊಡ್ಡ ಸಂಖ್ಯೆಯಲ್ಲಿ ಸೇರುವ ಸ್ಥಳದ ಮೇಲೆ ಡ್ರೋನ್ ಹಾರಾಟವನ್ನು ಕೆಲವು ಗಂಟೆಗಳ ಮಟ್ಟಿಗೆ ತಡೆಯುವುದು ಹೇಗೆ, ತಡೆಯುವ ಅಧಿಕಾರ ಯಾರದು, ಅದರಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು.

ಉತ್ತರವನ್ನು ಮೊದಲೇ ಹೇಳುವುದು ಒಳಿತು. ಡ್ರೋನ್ ಹಾರಾಟವನ್ನು ನಿಷೇಧಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೆ ಆ ಅಧಿಕಾರ ಉಳ್ಳವರಿಗೆ ಊರಿನ ಜಾತ್ರೆಯ ದಿನ, ತೇರಿನ ಹೊತ್ತು, ಕೊಳದ ಇಕ್ಕಟ್ಟು, ಹೆಜ್ಜೇನು ಕಟ್ಟಿರುವ ಮರ ಇವು ಯಾವುವೂ ತಾವಾಗಿ ತಿಳಿಯುವುದಿಲ್ಲ. ಅವು ತಿಳಿದಿರುವುದು ಪಂಚಾಯಿತಿಗೆ. ಆದುದರಿಂದ ಸಕಾಲದಲ್ಲಿ, ಸರಿಯಾದ ವಿವರಗಳೊಂದಿಗೆ, ಸರಿಯಾದ ಅಧಿಕಾರಿಗೆ ಪತ್ರ ಬರೆಯುವ ಹೊಣೆ ಪಂಚಾಯಿತಿಯದೇ ಆಗಿದೆ.

ಡ್ರೋನ್ ಶತ್ರುವಲ್ಲ

ನಿರ್ಬಂಧದ ಮಾತಿಗೆ ಮೊದಲು ಡ್ರೋನ್‌ನ ಉಪಕಾರವನ್ನು ನೆನೆಯಬೇಕು. 2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಗ್ರಾಮಠಾಣದ ಮನೆ, ಹಿತ್ತಿಲುಗಳ ಗಡಿಗೆ ಸುಣ್ಣದ ಗೆರೆ ಎಳೆದು, ಡ್ರೋನ್ ಮೂಲಕ ಚಿತ್ರ ತೆಗೆದು, ಆಸ್ತಿಯ ದಾಖಲೆ ಸಿದ್ಧಪಡಿಸುವ ಈ ಕೆಲಸದಲ್ಲಿ ಗ್ರಾಮ ಪಂಚಾಯಿತಿಗಳೇ ಮುಂದೆ ನಿಂತವು. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಡ್ರೋನ್ ನೀಡಿ, ಗೊಬ್ಬರ ಮತ್ತು ಕೀಟನಾಶಕ ಸಿಂಪಡಣೆಯ ಬಾಡಿಗೆಯಿಂದ ಆದಾಯ ಗಳಿಸುವಂತೆ ಮಾಡುವ ನಮೋ ಡ್ರೋನ್ ದೀದಿ ಯೋಜನೆಗೆ 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ದೇಶದಾದ್ಯಂತ 15,000 ಸಂಘಗಳು ಆಗ ಅದರ ಗುರಿಯಾಗಿದ್ದವು.

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ, ಅಂದರೆ 89 ವರ್ಷಗಳ ನಂತರ, ಕೋಡಿ ಬಿದ್ದಾಗ ಜನ ತಂಡೋಪತಂಡವಾಗಿ ಮಾರಿಕಣಿವೆಗೆ ಹರಿದು ಬಂದರು. ಕೋಡಿಯ ನೀರನ್ನು ಮೇಲಿನಿಂದ ತೋರಿಸಿದ ಡ್ರೋನ್ ಚಿತ್ರಗಳನ್ನು ಜಿಲ್ಲೆಯ ಜನ ಹೆಮ್ಮೆಯಿಂದ ಮೊಬೈಲ್‌ಗಳಲ್ಲಿ ಹಂಚಿಕೊಂಡರು. ಮದುವೆ, ಗೃಹಪ್ರವೇಶ, ನಾಟಕೋತ್ಸವಗಳ ಚಿತ್ರೀಕರಣದಿಂದ ಬದುಕು ನಡೆಸುವ ಯುವಕರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಹೀಗಿರುವಾಗ ಡ್ರೋನ್ ಎಂಬ ಹೆಸರು ಕೇಳಿದೊಡನೆ ನಿಷೇಧದ ಕೂಗೆಬ್ಬಿಸುವುದು ವಿವೇಕವಲ್ಲ. ಪ್ರಶ್ನೆ ಇರುವುದು ಸ್ಥಳ ಮತ್ತು ಹೊತ್ತಿನದು. ಬಯಲಿನ ಮೇಲೆ ಹಾರುವ ಯಂತ್ರ ಬೇರೆ, ಸಾವಿರ ತಲೆಗಳ ಮೇಲೆ ಹಾರುವ ಅದೇ ಯಂತ್ರ ಬೇರೆ.

ಬೀಳುವ ಯಂತ್ರದ ಅಪಾಯ

ಈ ವ್ಯತ್ಯಾಸವನ್ನು ಚಿತ್ರದುರ್ಗ ಜಿಲ್ಲೆ ತನ್ನದೇ ನೆಲದಲ್ಲಿ ಕಂಡಿದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದ್ದು, 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಅಲ್ಲಿ ಪರೀಕ್ಷೆಗೊಳಪಟ್ಟ ಪೈಲಟ್‌ರಹಿತ ವಿಮಾನವೊಂದು 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಹೆಸರಿನ ಮತ್ತೊಂದು ವಿಮಾನ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಜಮೀನಿನಲ್ಲಿ ಬಿತ್ತು. ಇವು ದೇಶದ ನುರಿತ ತಂತ್ರಜ್ಞರು ನಿರ್ಮಿಸಿ, ನಿಗಾ ಇಟ್ಟು ಹಾರಿಸಿದ ಯಂತ್ರಗಳು. ಬಿದ್ದದ್ದು ಬಯಲಿನಲ್ಲಾದುದರಿಂದ ಪ್ರಾಣಹಾನಿ ಸಂಭವಿಸಲಿಲ್ಲ. ಪರಿಣತರ ಕೈಯಲ್ಲಿರುವ ಯಂತ್ರವೂ ಬೀಳಬಲ್ಲದು. ಕೆಳಗೆ ಜನರಿಲ್ಲದಿರುವುದೇ ಅತ್ಯಂತ ನಂಬಲರ್ಹವಾದ ರಕ್ಷಣೆ ಎಂಬ ಪಾಠ ಇದರಲ್ಲಿದೆ.

ಕೆಳಗೆ ಜನರಿದ್ದಾಗ ಆದುದೇನೆಂಬುದಕ್ಕೆ ಹೊರನಾಡಿನ ಉದಾಹರಣೆಗಳಿವೆ. 2017ರ ನವೆಂಬರ್ 4ರಂದು ಜಪಾನಿನ ಒಗಾಕಿ ನಗರದ ಉದ್ಯಾನವೊಂದರಲ್ಲಿ ಮಕ್ಕಳಿಗೆ ಮೇಲಿನಿಂದ ಮಿಠಾಯಿ ಸುರಿಸಲು ಹಾರಿಸಿದ ಡ್ರೋನ್ ಜನರ ಮೇಲೆಯೇ ಬಿದ್ದು ಆರು ಮಂದಿ ಗಾಯಗೊಂಡರು. ತೇರಿನ ಮೇಲೆ ಡ್ರೋನ್‌ನಿಂದ ಪುಷ್ಪವೃಷ್ಟಿ ಮಾಡಿಸುವ ಹೊಸ ವಾಡಿಕೆಗೂ ಈ ಘಟನೆಗೂ ಬಹಳ ಅಂತರವಿಲ್ಲ. 2024ರ ಡಿಸೆಂಬರ್ 21ರಂದು ಅಮೆರಿಕದ ಒರ್ಲಾಂಡೊ ನಗರದಲ್ಲಿ ಹಬ್ಬದ ಡ್ರೋನ್ ಪ್ರದರ್ಶನದ ವೇಳೆ ಹಲವು ಡ್ರೋನ್‌ಗಳು ಪರಸ್ಪರ ಡಿಕ್ಕಿಯಾಗಿ ಬಿದ್ದವು. ಅವುಗಳಲ್ಲೊಂದು ತಗುಲಿದ ಏಳು ವರ್ಷದ ಬಾಲಕನಿಗೆ ಹೃದಯದ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಲೆಕ್ಕವೂ ಇದನ್ನೇ ಹೇಳುತ್ತದೆ. 60 ಮೀಟರ್, ಅಂದರೆ ಸುಮಾರು 200 ಅಡಿ ಎತ್ತರದಿಂದ ಬೀಳುವ ವಸ್ತು, ಗಾಳಿಯ ತಡೆಯನ್ನು ಬದಿಗಿಟ್ಟರೆ, ಮೂರೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ 120 ಕಿಲೋಮೀಟರ್ ಮೀರಿರುತ್ತದೆ. ಗಾಳಿಯ ತಡೆಯಿಂದ ವೇಗ ಒಂದಿಷ್ಟು ತಗ್ಗಿದರೂ ಒಂದು ಕಿಲೋ ತೂಕದ ಯಂತ್ರ ತಲೆಯ ಮೇಲೆ ಬಿದ್ದರೆ ಆಗುವ ಪೆಟ್ಟು ಸಣ್ಣದಲ್ಲ. ಇಕ್ಕಟ್ಟಾಗಿ ನಿಂತ ಜನರಿಗೆ ಮೂರು ಸೆಕೆಂಡಿನಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ.

ಜಾತ್ರೆಯಲ್ಲಿ ಡ್ರೋನ್ ಬೀಳುವ ಸಂಭವ ಹೆಚ್ಚಲು ನಿರ್ದಿಷ್ಟ ಕಾರಣಗಳಿವೆ. ಮೊದಲನೆಯದು ಗಾಳಿ. ಹೊಸದುರ್ಗ ತಾಲ್ಲೂಕಿನ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಅಲ್ಲಿ ಬಲವಾಗಿ ಗಾಳಿ ಬೀಸುತ್ತದೆಂಬ ಕಾರಣಕ್ಕೆ. ಸಣ್ಣ ಡ್ರೋನ್‌ಗಳು ಅಂತಹ ಗಾಳಿಗೆ ಎದುರಾಗಿ ನಿಲ್ಲಲು ಹೆಣಗಿ ಬ್ಯಾಟರಿಯನ್ನು ಬೇಗನೆ ಬರಿದು ಮಾಡಿಕೊಳ್ಳುತ್ತವೆ. ಎರಡನೆಯದು ಸಂಕೇತದ ಗೊಂದಲ. ಸಾವಿರಾರು ಮೊಬೈಲ್‌ಗಳು, ವೈಫೈ ಉಪಕರಣಗಳು ಒಂದೆಡೆ ಸೇರಿದಾಗ ಡ್ರೋನ್ ಮತ್ತು ಅದರ ನಿಯಂತ್ರಕದ ನಡುವಿನ ಸಂಪರ್ಕ ಕಡಿಯಬಹುದು. ಸಂಪರ್ಕ ಕಡಿದ ಡ್ರೋನ್ ಹಾರಿದ ಸ್ಥಳಕ್ಕೆ ತಾನಾಗಿ ಮರಳುವ ಏರ್ಪಾಡು ಬಹುತೇಕ ಯಂತ್ರಗಳಲ್ಲಿದೆ. ಆದರೆ ಆ ದಾರಿಯಲ್ಲಿ ತೇರಿನ ಕಳಸ, ವಿದ್ಯುತ್ ತಂತಿ, ತೆಂಗಿನ ಮರ ಅಡ್ಡವಿದ್ದರೆ ಎಲ್ಲ ಯಂತ್ರಗಳೂ ಅವನ್ನು ಗುರುತಿಸಲಾರವು. ಮೂರನೆಯದು ಜೀವಿಗಳು. ಎತ್ತು, ಕುದುರೆಗಳು ತಲೆಯ ಮೇಲಿನ ಶಬ್ದಕ್ಕೆ ಬೆದರುತ್ತವೆ. ಗೋಪುರಕ್ಕೋ ಬಂಡೆಗೋ ಹಳೆಯ ಮರಕ್ಕೋ ಕಟ್ಟಿದ ಹೆಜ್ಜೇನಿನ ಬಳಿ ಡ್ರೋನ್ ಸುಳಿದರೆ ಹುಳುಗಳು ಕೆರಳಿ ಜನರ ಮೇಲೆ ಎರಗುವ ಅಪಾಯವಿದೆ. ಡ್ರೋನ್ ಬಿದ್ದು ಒಬ್ಬರಿಗೆ ಗಾಯವಾದೀತು. ಜನ ಬೆದರಿ ಓಡಿದರೆ ಕಾಲ್ತುಳಿತದಲ್ಲಿ ಗಾಯಗೊಳ್ಳುವವರಿಗೆ ಲೆಕ್ಕವಿರುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೂ ಡ್ರೋನ್‌ಗೂ ಸಂಬಂಧವಿಲ್ಲ. ಆದರೆ ಇಕ್ಕಟ್ಟಿನಲ್ಲಿ ನಿಂತ ಜನರ ನಡುವೆ ನೂಕುನುಗ್ಗಲು ಉಂಟಾದರೆ ಏನಾಗುತ್ತದೆಂಬುದನ್ನು ಆ ದಿನ ರಾಜ್ಯವೇ ಕಂಡಿತು.

ಕಾನೂನು ಏನು ಹೇಳುತ್ತದೆ

ಡ್ರೋನ್ ಹಾರಾಟವನ್ನು ನಿಯಂತ್ರಿಸುವುದು ಕೇಂದ್ರ ಸರ್ಕಾರ 2021ರ ಆಗಸ್ಟ್ 25ರಂದು ಪ್ರಕಟಿಸಿದ ಡ್ರೋನ್ ನಿಯಮಗಳು. ಈ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸುತ್ತವೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿ ಬೇಕಿಲ್ಲ. ವಿಮಾನ ನಿಲ್ದಾಣಗಳ ಸುತ್ತಲಿನಂತಹ ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣದ ಅನುಮತಿ ಅಗತ್ಯ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಾಟವೇ ಇಲ್ಲ. ಯಾವ ಊರು ಯಾವ ವಲಯದಲ್ಲಿದೆ ಎಂಬುದನ್ನು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ನೋಡಬಹುದು.

ತೂಕಕ್ಕೆ ಅನುಗುಣವಾಗಿಯೂ ಡ್ರೋನ್‌ಗಳನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ. 250 ಗ್ರಾಂವರೆಗಿನದು ನ್ಯಾನೊ, 2 ಕಿಲೋವರೆಗಿನದು ಮೈಕ್ರೊ, 25 ಕಿಲೋವರೆಗಿನದು ಸಣ್ಣದು, 150 ಕಿಲೋವರೆಗಿನದು ಮಧ್ಯಮ, ಅದಕ್ಕೂ ಮೀರಿದ್ದು ದೊಡ್ಡದು. ಜಾತ್ರೆ, ಮದುವೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಮೊದಲ ಎರಡು ಬಗೆ. ನ್ಯಾನೊ ಡ್ರೋನ್ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ ಎಂಬ ರಿಯಾಯಿತಿ ಇದೆ. ಇದನ್ನೇ ಹಿಡಿದು, ಚಿಕ್ಕ ಡ್ರೋನ್‌ಗೆ ಯಾವ ನಿಯಮವೂ ಇಲ್ಲವೆಂದು ಕೆಲವರು ವಾದಿಸುವುದುಂಟು. ಈ ವಾದ ತಪ್ಪು. ಕೆಂಪು ವಲಯದ ನಿರ್ಬಂಧ ಚಿಕ್ಕದು ದೊಡ್ಡದೆನ್ನದೆ ಎಲ್ಲಕ್ಕೂ ಅನ್ವಯಿಸುತ್ತದೆ.

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಅಮೆರಿಕದಲ್ಲಿ 30,000 ಅಥವಾ ಅದಕ್ಕೂ ಹೆಚ್ಚು ಜನ ಕೂರಬಹುದಾದ ಕ್ರೀಡಾಂಗಣದಲ್ಲಿ ಪ್ರಮುಖ ಪಂದ್ಯ ನಡೆಯುವಾಗ, ಆರಂಭಕ್ಕೆ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆಯ ನಂತರದವರೆಗೆ, ಸುತ್ತಲಿನ ಮೂರು ನಾವಿಕ ಮೈಲಿ ಪ್ರದೇಶದಲ್ಲಿ ಹಾರಾಟ ನಿಷಿದ್ಧ. ಈ ನಿರ್ಬಂಧಕ್ಕೆ ಪ್ರತಿ ಬಾರಿಯೂ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಭಾರತದಲ್ಲಿ ಹಾಗಲ್ಲ. ಜಾತ್ರೆ ನಡೆಯುತ್ತಿದೆ ಎಂಬ ಕಾರಣಕ್ಕೆ ಹಸಿರು ವಲಯದ ಊರು ತಾನಾಗಿ ಕೆಂಪು ವಲಯವಾಗುವುದಿಲ್ಲ. ಯಾರಾದರೂ ಕೇಳಬೇಕು, ಅಧಿಕಾರವುಳ್ಳವರು ಘೋಷಿಸಬೇಕು.

ಆ ಘೋಷಣೆಗೆ ಡ್ರೋನ್ ನಿಯಮಗಳಲ್ಲಿ ತಾತ್ಕಾಲಿಕ ಕೆಂಪು ವಲಯ ಎಂಬ ಅವಕಾಶವಿದೆ. ತುರ್ತು ಅಗತ್ಯವಿದ್ದಾಗ ರಾಜ್ಯ ಸರ್ಕಾರ ಅಥವಾ ಕಾನೂನು ಸುವ್ಯವಸ್ಥೆ ಪಾಲನೆಯ ಸಂಸ್ಥೆಯು ನಿರ್ದಿಷ್ಟ ಪ್ರದೇಶದ ಮೇಲೆ ಡ್ರೋನ್ ಹಾರಾಟವನ್ನು ತಡೆಯಬಹುದು. ಇದಕ್ಕೆ ಮೂರು ಮಿತಿಗಳಿವೆ. ಒಂದು, ಘೋಷಿಸುವವರು ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅದಕ್ಕೆ ಸಮಾನವಾದ ದರ್ಜೆಗಿಂತ ಕೆಳಗಿನವರಾಗಿರಬಾರದು. ಎರಡು, ಒಂದು ಬಾರಿಗೆ 96 ಗಂಟೆಗಳನ್ನು, ಅಂದರೆ ನಾಲ್ಕು ದಿನಗಳನ್ನು ಮೀರಬಾರದು. ಮೂರು, ಪ್ರದೇಶದ ವಿಸ್ತಾರ ಸಮಂಜಸವಾಗಿರಬೇಕು, ಅತಿಯಾಗಬಾರದು. ಘೋಷಣೆಯನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತೋರಿಸಬೇಕು. ಡ್ರೋನ್ ನಿಯಮಗಳ ಉಲ್ಲಂಘನೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಇದಲ್ಲದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಪ್ರಕಾರ ಜಿಲ್ಲಾ ದಂಡಾಧಿಕಾರಿಗಳು ಹಾಗೂ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಅಪಾಯದ ಸಂಭವವಿದ್ದಾಗ ನಿರ್ಬಂಧಕಾಜ್ಞೆ ಹೊರಡಿಸಬಹುದು. ಹಿಂದೆ 144ನೇ ಕಲಂ ಎಂದು ಜನಜನಿತವಾಗಿದ್ದ ಅಧಿಕಾರವೇ ಇದು. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಅಪರಾಧ. ಇತರರ ಜೀವಕ್ಕೆ ಅಪಾಯ ತರುವಂತಹ ದುಡುಕಿನ ಕೃತ್ಯ 125ನೇ ಕಲಂ ಅಡಿ ಅಪರಾಧ. ಈ ಎರಡಕ್ಕೂ ಕೆಂಪು ವಲಯದ ಘೋಷಣೆ ಬೇಕಿಲ್ಲ. ಕ್ಯಾಮೆರಾ ಕೈಯಲ್ಲಿದ್ದರೂ ಆಕಾಶದಲ್ಲಿದ್ದರೂ ಕಾನೂನು ಒಂದೇ.

ಠರಾವಿನಿಂದ ಆಗದ್ದು, ಪತ್ರದಿಂದ ಆಗುವುದು

ಊರಿನಲ್ಲಿ ಡ್ರೋನ್ ನಿಷೇಧಿಸಲಾಗಿದೆ ಎಂದು ಗ್ರಾಮ ಪಂಚಾಯಿತಿ ಠರಾವು ಮಾಡಿ ಫಲಕ ಹಾಕಿದರೆ ಅದಕ್ಕೆ ಕಾನೂನಿನ ಬಲವಿರುವುದಿಲ್ಲ. ಹಸಿರು ವಲಯದಲ್ಲಿ ನಿಯಮಬದ್ಧವಾಗಿ ಹಾರಿಸುತ್ತಿರುವವನನ್ನು ಆ ಫಲಕದ ಆಧಾರದ ಮೇಲೆ ತಡೆದರೆ ತಕರಾರು ಪಂಚಾಯಿತಿಯ ಕಡೆಗೇ ತಿರುಗೀತು. ಠರಾವು ಬೇಡವೆಂದು ಇದರ ಅರ್ಥವಲ್ಲ. ಠರಾವಿನ ಒಕ್ಕಣೆ ಬದಲಾಗಬೇಕು. ನಿಷೇಧಿಸಲಾಗಿದೆ ಎಂಬುದರ ಬದಲು, ತಾತ್ಕಾಲಿಕ ಕೆಂಪು ವಲಯ ಘೋಷಿಸುವಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳನ್ನು ಕೋರಲು ತೀರ್ಮಾನಿಸಲಾಯಿತು ಎಂದಿರಬೇಕು.

ಪತ್ರದ ಬಲ ಅದರ ವಿವರಗಳಲ್ಲಿದೆ. ಜಾತ್ರೆ ಇದೆ, ಜನ ಸೇರುತ್ತಾರೆ, ಕ್ರಮ ಕೈಗೊಳ್ಳಿ ಎಂಬ ಮೂರು ಸಾಲಿನ ಪತ್ರದಿಂದ ಯಾವ ಅಧಿಕಾರಿಯೂ ನಕ್ಷೆಯಲ್ಲಿ ಗೆರೆ ಎಳೆಯಲಾರರು. ಪತ್ರದಲ್ಲಿ ಈ ಕೆಳಗಿನ ಅಂಶಗಳಿರಬೇಕು:

1. ಉತ್ಸವದ ಹೆಸರು, ದಿನಾಂಕ ಮತ್ತು ಜನ ಅತಿ ಹೆಚ್ಚು ಸೇರುವ ಗಂಟೆಗಳು. ತೇರು ಎಳೆಯುವ ಹೊತ್ತು, ಕೆಂಡ ಹಾಯುವ ಹೊತ್ತು, ತೆಪ್ಪೋತ್ಸವದ ಹೊತ್ತು ಇವುಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು.

2. ಸ್ಥಳದ ನಡುಬಿಂದು ಮತ್ತು ಸುತ್ತಳತೆ. ದೇವಾಲಯದ ಗೋಪುರವನ್ನೋ ಕೊಳವನ್ನೋ ನಡುಬಿಂದುವಾಗಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಮೊಬೈಲ್ ನಕ್ಷೆಯಿಂದ ಬರೆದುಕೊಂಡು, ಎಷ್ಟು ದೂರದವರೆಗೆ ನಿರ್ಬಂಧ ಬೇಕೆಂಬುದನ್ನು ಸೂಚಿಸಬೇಕು.

3. ಸ್ಥಳದ ವಿಶೇಷ ಅಪಾಯಗಳು. ಕೊಳ, ಸ್ನಾನಘಟ್ಟ, ಬಟ್ಟೆ ಬದಲಿಸುವ ಜಾಗ, ಹೆಜ್ಜೇನು, ಮೇಲೆ ಹಾಯ್ದ ವಿದ್ಯುತ್ ತಂತಿ, ಇಕ್ಕಟ್ಟಾದ ಬೀದಿ.

4. ಹಿಂದಿನ ವರ್ಷಗಳ ಅನುಭವ. ಡ್ರೋನ್ ಹಾರಿದ್ದುಂಟೇ, ಯಾವ ತೊಂದರೆಯಾಯಿತು ಎಂಬುದನ್ನು ಕಂಡಷ್ಟೇ ಬರೆಯಬೇಕು, ಉತ್ಪ್ರೇಕ್ಷೆ ಸಲ್ಲದು.

5. ವಿನಾಯಿತಿಯ ಕೋರಿಕೆ ಇದ್ದರೆ ಅದು. ಜನಸಂದಣಿಯ ನಿಗಾಕ್ಕೆ ಪೊಲೀಸರು ಬಳಸುವ ಡ್ರೋನ್, ಪ್ರವಾಹ ಅಥವಾ ಬೆಂಕಿಯ ಸಂದರ್ಭದ ಡ್ರೋನ್ ಇವುಗಳಿಗೆ ಅಡ್ಡಿಯಾಗದಂತೆ ಏರ್ಪಾಡು ಇರಬೇಕು.

ಪತ್ರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಸಹಿಯೊಂದಿಗೆ, ಠರಾವಿನ ಪ್ರತಿ ಲಗತ್ತಿಸಿ, ಸ್ಥಳೀಯ ಪೊಲೀಸ್ ಠಾಣೆಯ ಮೂಲಕ ವರಿಷ್ಠಾಧಿಕಾರಿಗಳಿಗೆ ತಲುಪಬೇಕು. ಪ್ರತಿಗಳನ್ನು ತಹಶೀಲ್ದಾರರಿಗೆ, ತಾಲ್ಲೂಕು ಪಂಚಾಯಿತಿಗೆ, ದೇವಾಲಯದ ಆಡಳಿತಕ್ಕೆ ಕಳುಹಿಸಬೇಕು. ಜಾತ್ರೆಯ ಹಿಂದಿನ ದಿನ ಕೊಟ್ಟ ಅರ್ಜಿಗೆ ಫಲ ನಿರೀಕ್ಷಿಸುವಂತಿಲ್ಲ. ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪಗಳ ಬಗ್ಗೆ ಚರ್ಚಿಸುವ ಪೂರ್ವಸಿದ್ಧತಾ ಸಭೆಯಲ್ಲಿಯೇ ಈ ವಿಷಯವನ್ನೂ ಸೇರಿಸಿ, ಒಂದು ತಿಂಗಳು ಮೊದಲೇ ಪತ್ರ ಹೊರಡುವಂತೆ ನೋಡಿಕೊಳ್ಳುವುದು ಕ್ಷೇಮ. ಹಾಲುರಾಮೇಶ್ವರದಂತಹ ಶಿವಕ್ಷೇತ್ರಗಳಿಗೆ ಮಹಾಶಿವರಾತ್ರಿ ಮತ್ತು ಕಾರ್ತಿಕದ ಸೋಮವಾರಗಳು ಪಂಚಾಂಗದಲ್ಲಿ ವರ್ಷಕ್ಕೆ ಮೊದಲೇ ಗೊತ್ತಿರುವುದರಿಂದ ತಡವಾಯಿತೆಂಬ ಮಾತಿಗೆ ಆಸ್ಪದವಿರುವುದಿಲ್ಲ.

ಪತ್ರದ ಒಕ್ಕಣೆಗೆ ಒಂದು ಮಾದರಿ: "ಮಾನ್ಯರೇ, ........ ಗ್ರಾಮದಲ್ಲಿ ದಿನಾಂಕ ........ ರಂದು ಬೆಳಿಗ್ಗೆ ........ ರಿಂದ ಸಂಜೆ ........ ರವರೆಗೆ ರಥೋತ್ಸವ ನಡೆಯಲಿದ್ದು, ಹೆಚ್ಚಿನ ಸಂಖ್ಯೆಯಲ್ಲಿ ಭಕ್ತರು ಸೇರುವ ನಿರೀಕ್ಷೆಯಿದೆ. ದೇವಾಲಯ, ಕೊಳ ಮತ್ತು ರಥಬೀದಿಯ ಮೇಲೆ ಡ್ರೋನ್ ಹಾರಾಟದಿಂದ ಭಕ್ತರ ಸುರಕ್ಷತೆಗೂ ಮಹಿಳೆಯರ ಗೌರವಕ್ಕೂ ಧಕ್ಕೆಯಾಗುವ ಸಂಭವವಿರುವುದರಿಂದ, ಲಗತ್ತಿಸಿದ ನಕ್ಷೆಯಲ್ಲಿ ಗುರುತಿಸಿದ ಪ್ರದೇಶವನ್ನು ಸದರಿ ಅವಧಿಗೆ ಮಾತ್ರ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ಕೋರಿದೆ." ಇದರಲ್ಲಿ "ಸದರಿ ಅವಧಿಗೆ ಮಾತ್ರ" ಎಂಬ ಮಾತನ್ನು ಬಿಡಬಾರದು. ಕಾರಣ ಮುಂದಿದೆ.

ನಿರ್ಬಂಧಕ್ಕೂ ಮಿತಿ ಬೇಕು

ದೊಡ್ಡ ಪ್ರದೇಶಕ್ಕೆ ನಿರ್ಬಂಧ ಕೇಳಿದರೆ ಹೆಚ್ಚು ಸುರಕ್ಷಿತ ಎಂಬ ಭಾವನೆ ಸಹಜ. ಲೆಕ್ಕ ಹಾಕಿ ನೋಡಿದರೆ ಅದರ ಪರಿಣಾಮ ತಿಳಿಯುತ್ತದೆ. ದೇವಾಲಯದಿಂದ ಒಂದು ಕಿಲೋಮೀಟರ್ ದೂರದವರೆಗಿನ ವೃತ್ತ ಸುಮಾರು ಮೂರು ಚದರ ಕಿಲೋಮೀಟರ್. ಅದೇ ಐದು ಕಿಲೋಮೀಟರ್ ಎಂದರೆ ಸುಮಾರು 78 ಚದರ ಕಿಲೋಮೀಟರ್, ಅಂದರೆ 25 ಪಟ್ಟು. ಆ ವೃತ್ತದೊಳಗೆ ಹತ್ತಾರು ಹಳ್ಳಿಗಳ ತೆಂಗು, ಅಡಿಕೆ, ದಾಳಿಂಬೆ ತೋಟಗಳು ಸೇರಿಬಿಡುತ್ತವೆ. ರೋಗ ಬಿದ್ದ ದಾಳಿಂಬೆಗೆ ಅಂದೇ ಔಷಧಿ ಸಿಂಪಡಿಸಬೇಕಾದ ರೈತ, ಬಾಡಿಗೆಗೆ ಮಾತಾಡಿಕೊಂಡು ಡ್ರೋನ್ ಹೊತ್ತು ಬಂದ ಸ್ವಸಹಾಯ ಸಂಘದ ಮಹಿಳೆ, ನಾಲ್ಕು ಊರಾಚೆ ಮದುವೆಯ ಚಿತ್ರೀಕರಣ ಒಪ್ಪಿಕೊಂಡ ಯುವಕ, ಇವರೆಲ್ಲ ಜಾತ್ರೆಗೆ ಸಂಬಂಧವಿಲ್ಲದೆಯೂ ಕೈಕಟ್ಟಿ ಕೂರಬೇಕಾಗುತ್ತದೆ. 2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯ ಸಂಜೆ ನಗರದ ಸುತ್ತ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಆಕಾಶವನ್ನೇ ಮುಚ್ಚಲಾಗಿತ್ತು. ಅಲ್ಲಿದ್ದ ಭೀತಿಯೇ ಬೇರೆ, ಅಗತ್ಯವೇ ಬೇರೆ. ಊರ ಜಾತ್ರೆಗೆ ಆ ಅಳತೆ ಸಲ್ಲದು.

ಹೊತ್ತಿನ ವಿಷಯವೂ ಹೀಗೆಯೇ. 96 ಗಂಟೆ ಎಂಬುದು ಗರಿಷ್ಠ ಮಿತಿಯೇ ಹೊರತು ಪ್ರತಿ ಜಾತ್ರೆಗೂ ಅಷ್ಟನ್ನು ಕೇಳಬೇಕೆಂಬುದಲ್ಲ. ತೇರು ಎಳೆಯುವುದು ನಾಲ್ಕು ಗಂಟೆಯ ಕೆಲಸವಾದರೆ ಹಿಂದೆ ಮುಂದೆ ಎರಡು ಗಂಟೆ ಸೇರಿಸಿ ಎಂಟು ಗಂಟೆ ಕೇಳಿದರೆ ಸಾಕು. ಚಿಕ್ಕ ಪ್ರದೇಶ, ಕಡಿಮೆ ಹೊತ್ತು ಎಂದಾದಾಗ ಜನ ಅದನ್ನು ಗೌರವಿಸುತ್ತಾರೆ, ಪೊಲೀಸರಿಗೂ ಜಾರಿಗೆ ತರುವುದು ಸುಲಭ. ಯಾರೂ ಪಾಲಿಸಲಾಗದಷ್ಟು ವಿಸ್ತಾರವಾದ ಆದೇಶ ಮುಂದಿನ ವರ್ಷದ ಆದೇಶದ ಬೆಲೆಯನ್ನೂ ಕಳೆಯುತ್ತದೆ.

ಉತ್ಸವದ ಚಿತ್ರೀಕರಣ ಊರಿಗೆ ಬೇಕೆನಿಸಿದರೆ ಅದಕ್ಕೂ ದಾರಿಯಿದೆ. ನಿರ್ಬಂಧದ ಅವಧಿಗೆ ಮೊದಲು, ಜನ ಸೇರುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಅಲಂಕೃತ ತೇರನ್ನು ಮೇಲಿನಿಂದ ಚಿತ್ರಿಸಬಹುದು. ಜನ ಸೇರಿದ ಮೇಲೆ ಮಾಳಿಗೆಯ ಮೇಲಿಂದಲೋ ಎತ್ತರದ ಅಟ್ಟಣಿಗೆಯಿಂದಲೋ ಕ್ಯಾಮೆರಾ ಹಿಡಿದರೆ ಸಾಕು. ಪುಷ್ಪವೃಷ್ಟಿಯನ್ನು ಗೋಪುರದಿಂದ ಕೈಯಾರೆ ಮಾಡಿದರೆ ಭಕ್ತಿಗೆ ಕೊರತೆಯಾಗದು.

ಜಾತ್ರೆಯ ದಿನ

ಆದೇಶ ಕೈಗೆ ಬಂದರೆ ಕೆಲಸ ಮುಗಿಯಲಿಲ್ಲ. ಆದೇಶ ಹೊರಟಿರುವುದೇ ತಿಳಿಯದವನು ಅದನ್ನು ಹೇಗೆ ಪಾಲಿಸಿಯಾನು? ಡಂಗುರ, ಧ್ವನಿವರ್ಧಕ, ಪಂಚಾಯಿತಿಯ ವಾಟ್ಸ್ಆ್ಯಪ್ ಗುಂಪು, ಊರಿಗೆ ಬರುವ ದಾರಿಗಳಲ್ಲಿ ಫಲಕ, ಬಸ್ ನಿಲ್ದಾಣದಲ್ಲಿ ಭಿತ್ತಿಪತ್ರ ಇವುಗಳ ಮೂಲಕ ದಿನ, ಹೊತ್ತು, ಪ್ರದೇಶವನ್ನು ಸ್ಪಷ್ಟವಾಗಿ ಸಾರಬೇಕು. ಸುತ್ತಲಿನ ಸ್ಟುಡಿಯೊ ಮಾಲೀಕರಿಗೆ ಮುಂಚಿತವಾಗಿ ಖುದ್ದು ತಿಳಿಸುವುದು ಅತ್ಯುತ್ತಮ. ಡ್ರೋನ್ ಹಾರಿಸುವವರಲ್ಲಿ ಬಹುಮಂದಿ ದುರುದ್ದೇಶದವರಲ್ಲ, ಊರಿನವರೇ, ಪರಿಚಿತರೇ. ಕರೆದು ಹೇಳಿದರೆ ಕೇಳುತ್ತಾರೆ.

ಆದರೂ ಡ್ರೋನ್ ಕಾಣಿಸಿಕೊಂಡರೆ ಸ್ವಯಂಸೇವಕರು ಮಾಡಬಾರದ ಕೆಲಸ ಒಂದಿದೆ: ಕಲ್ಲು ಬೀರುವುದು, ಕವಣೆ ಹೊಡೆಯುವುದು. ಪೆಟ್ಟು ತಗುಲಿದ ಡ್ರೋನ್ ಬೀಳುವುದು ಜನರ ಮೇಲೆಯೇ. ತಪ್ಪಿದ ಕಲ್ಲೂ ಅಲ್ಲಿಯೇ ಬೀಳುತ್ತದೆ. ಅದರ ಬದಲು ಹಾರಿಸುವವನನ್ನು ಹುಡುಕಬೇಕು. ಕೈಯಲ್ಲಿ ನಿಯಂತ್ರಕ ಹಿಡಿದು, ಪರದೆಯನ್ನೋ ಆಕಾಶವನ್ನೋ ನೋಡುತ್ತ, ಜನರಿಂದ ತುಸು ದೂರದ ತೆರವಾದ ಜಾಗದಲ್ಲಿ ಅವನು ಇರುವ ಸಂಭವ ಹೆಚ್ಚು. ಸಮಾಧಾನದಿಂದ ಹೇಳಿ, ಜನರಿಲ್ಲದ ಕಡೆ ಡ್ರೋನ್ ಇಳಿಸಲು ಕೋರಬೇಕು. ಗಾಬರಿಗೊಳಿಸಿದರೆ ಅವನ ಕೈ ತಪ್ಪಿ ಯಂತ್ರ ಬೀಳಬಹುದು. ಒಪ್ಪದಿದ್ದರೆ ಬಂದೋಬಸ್ತಿನಲ್ಲಿರುವ ಪೊಲೀಸರಿಗೆ ತಿಳಿಸಬೇಕು, ಇಲ್ಲವೇ 112ಕ್ಕೆ ಕರೆ ಮಾಡಬೇಕು. ಹಾರಿದ ಹೊತ್ತು, ಇಳಿದ ಜಾಗವನ್ನು ಬರೆದಿಟ್ಟುಕೊಳ್ಳಬೇಕು. ಡ್ರೋನ್ ಕಿತ್ತುಕೊಳ್ಳುವುದು, ಹಾರಿಸಿದವನ ಮೇಲೆ ಕೈಮಾಡುವುದು ಪಂಚಾಯಿತಿಯ ಕೆಲಸವಲ್ಲ.

ಡ್ರೋನ್ ಬಿದ್ದುಬಿಟ್ಟರೆ ಮೊದಲು ಗಾಯಾಳುಗಳತ್ತ ಗಮನ ಹರಿಸಬೇಕು, ಬಳಿಕ ಜನರನ್ನು ಯಂತ್ರದಿಂದ ದೂರ ಸರಿಸಬೇಕು. ರೆಕ್ಕೆಗಳು ಇನ್ನೂ ತಿರುಗುತ್ತಿರಬಹುದು. ಜಜ್ಜಿದ ಬ್ಯಾಟರಿ ಸ್ವಲ್ಪ ಹೊತ್ತಿನ ಬಳಿಕ ಹೊತ್ತಿಕೊಳ್ಳಬಹುದು. ಹತ್ತಿರದಲ್ಲಿ ಒಂದು ಬುಟ್ಟಿ ಮರಳು ಇರಿಸಿಕೊಂಡು, ಪೊಲೀಸರು ಬರುವವರೆಗೆ ಯಾರೂ ಮುಟ್ಟದಂತೆ ಕಾಯಬೇಕು.

ಮುಕ್ತಾಯ

ಗ್ರಾಮ ಪಂಚಾಯಿತಿಯ ಅಧಿಕಾರ ನೆಲಕ್ಕೆ ಸಂಬಂಧಿಸಿದ್ದು, ಆಕಾಶ ಕೇಂದ್ರ ಸರ್ಕಾರದ್ದು ಎಂದು ಕೈಚೆಲ್ಲಿ ಕೂರುವುದಕ್ಕೆ ಅವಕಾಶವಿಲ್ಲ. ಕೆಳಗೆ ನಿಂತಿರುವ ಜನ ಪಂಚಾಯಿತಿಯವರು. ಸಕಾಲದಲ್ಲಿ ಬರೆದ ಒಂದು ಪುಟದ ಪತ್ರ, ಲಗತ್ತಿಸಿದ ಒಂದು ಕೈಬರಹದ ನಕ್ಷೆ, ಒಂದು ದಿನದ ಡಂಗುರ, ಇಷ್ಟಕ್ಕೆ ವಿಶೇಷ ಅನುದಾನವಾಗಲಿ ಹೊಸ ಸಿಬ್ಬಂದಿಯಾಗಲಿ ಬೇಕಿಲ್ಲ. ಮುಂದಿನ ಉತ್ಸವದ ಪೂರ್ವಸಿದ್ಧತಾ ಸಭೆಯ ಕಾರ್ಯಸೂಚಿಯಲ್ಲಿ ಈ ಒಂದು ವಿಷಯವನ್ನು ಸೇರಿಸಿದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.

ಹಾಲುರಾಮೇಶ್ವರದ ಕೊಳದ ಮುಂದೆ ಸೆರಗೊಡ್ಡಿ ಕುಳಿತ ತಾಯಿಗೆ ತನ್ನ ಪ್ರಾರ್ಥನೆಯನ್ನು ನಿಶ್ಚಿಂತೆಯಿಂದ ಮುಗಿಸುವ ಹಕ್ಕಿದೆ. ಅವಳು ಅದನ್ನು ಯಾರಲ್ಲೂ ಅರ್ಜಿ ಹಾಕಿ ಕೇಳಲಾರಳು. ಅವಳ ಪರವಾಗಿ ಆ ಅರ್ಜಿಯನ್ನು ಬರೆಯಬೇಕಾದವರು ಅವಳು ಆರಿಸಿದ ಸದಸ್ಯರು.